ಸರ್ಕಾರದ ಬಿದಿರು

ಕೆರೆ ತುಂಬಿದರೆ ಸರ್ಕಾರದ್ದು, ಅದರ ನೀರಿಗೆ ಕಂದಾಯ ಕಟ್ಟುವಾಗಲೂ ಸರ್ಕಾರದ್ದು. ಒಡೆದರೆ ಮಾತ್ರ ದೇವರದ್ದು. ತೂಬಿನ ಪಕ್ಕ ಏರಿ ಜಿನುಗುತ್ತಿದೆ ಎಂದು ಜಿನನಾಥಪುರದ ಆಚೆಯ ನಮ್ಮ ಹಳ್ಳಿಯವರು ಎರಡು ಮಳೆಗಾಲ ಬಾಯಿ ಬಾಯಿ ಬಡಿದುಕೊಂಡಿದ್ದರು. ಯಾರೂ ತಿರುಗಿ ನೋಡಲಿಲ್ಲ. ಯುರೋಪಿನಲ್ಲಿ ಯುದ್ಧ ಶುರುವಾದ ವರ್ಷ, ಕಾರ್ತಿಕದ ಅಕಾಲ ಮಳೆಗೆ ಏರಿ ಒಡೆದು ಕೆಳಗೇರಿ ಪೂರ್ತಿ ಕೊಚ್ಚಿಹೋಯಿತು. ಬದುಕಿದವರು ಗುಂಡುತೋಪಿನ ಮಾವಿನ ಮರಗಳ ಕೆಳಗೆ ಬಂದು ಬಿದ್ದರು.

ಕೆಂಪಣ್ಣನ ಸಂಸಾರವೂ ಅಲ್ಲಿಗೇ ಬಂತು. ಚೊಚ್ಚಲ ಹೆರಿಗೆಗೆಂದು ದುದ್ದದಿಂದ ತವರಿಗೆ ಬಂದಿದ್ದ ಮಗಳು ಚಿಕ್ಕಲಕ್ಷ್ಮಮ್ಮ ಮರದ ಬುಡದಲ್ಲೇ ಗಂಡು ಮಗು ಹೆತ್ತಳು. ಬಾಣಂತಿಗೆ ಗಾಳಿ ಸೋಕಬಾರದೆಂದು ಕಿವಿಗೆ ಹತ್ತಿ ಇಟ್ಟು, ಕತ್ತಲೆ ಕೋಣೆಯಲ್ಲಿ ಕೆಂಡದ ಪಕ್ಕ ಮಲಗಿಸುವ ನಾಡು ನಮ್ಮದು. ಅವಳಿಗೆ ನಾಲ್ಕು ದಿಕ್ಕಿನಿಂದಲೂ ಗಾಳಿ. ಮೇಲುಗೇರಿಯಲ್ಲಿ ಮನೆಗಳಿದ್ದವು, ಆದರೆ ಸೂತಕ ಕಳೆಯದ ಬಾಣಂತಿಯನ್ನು ಯಾರು ಒಳಗೆ ಸೇರಿಸುತ್ತಾರೆ? ಅಯ್ಯೋ ಪಾಪ ಎನ್ನುವುದಕ್ಕೆ ಮಡಿ ಅಡ್ಡ ಬರುವುದಿಲ್ಲ. ಆದ್ದರಿಂದ ಎಲ್ಲರೂ ಅಯ್ಯೋ ಪಾಪ ಎಂದರು.

ನೀರು ಇಳಿದ ದಿನ ಎರಡು ಒಳ್ಳೆಯ ಸಂಗತಿಗಳಾದವು. ಗದ್ದೆಯ ಕೆಸರಿನಲ್ಲಿ ಹೂತಿದ್ದ ಎರಡು ಹೆಣ ಸಿಕ್ಕವು. ಗುಡಿಸಲು ಹಾಕಲು ಸರ್ಕಾರ ಕಳಿಸಿದ ಬಿದಿರಿನ ಗಾಡಿಗಳು ಬಂದವು. ಬಿದಿರು ಚಾವಡಿಯ ಮುಂದೆ ರಾಶಿ ಬಿತ್ತು. ಪಟೇಲ ಪಾಪಯ್ಯ ಚಟ್ಟ ಕಟ್ಟಲು ಹೆಣಕ್ಕೆ ಎರಡರಂತೆ ಬಿದಿರು ಎತ್ತಿ ಕೊಟ್ಟ. ಅದನ್ನು ನೋಡಿ ಕೆಂಪಣ್ಣನೂ ಕೈಚಾಚಿದ.

"ಬಾಣ್ತಿ ನಡುಗ್ತಾವ್ಳೆ ಪಟೇಲ್ರೆ. ನಾಕು ಗಳ ಕೊಡಿ, ಒಂದು ಮರೆ ಮಾಡ್ಕತೀನಿ."

"ಸತ್ತೋರ್ಗಾದ್ರೆ ನಾನೇ ಕೊಡ್ಬೋದು ಕಣ್ಲಾ," ಎಂದ ಪಾಪಯ್ಯ. "ಬದುಕಿರೋರ್ಗೆ ಅಮಲ್ದಾರ್ರ ಹುಕುಂ ಆಗ್ಬೇಕು. ಅವ್ರು ಬಂದು ಕಣ್ಣಾರೆ ನೋಡ್ಬೇಕು. ನಂದೇನೈತೆ ಇದ್ರಲ್ಲಿ?"

ಪಾಪಯ್ಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಅಮಲ್ದಾರರು ಚನ್ನರಾಯಪಟ್ಟಣದಿಂದ ಬರುತ್ತಾರೆಂಬ ಸುದ್ದಿ ಕೊನೆಗೂ ಬಂತು. ದೊರೆಯಂಥವರು ಬಂದಾಗ ಬಿಸಿಲಲ್ಲಿ ನಿಲ್ಲಿಸುವುದುಂಟೇ? ತೋಪಿನ ಮುಂದೆ ಚಪ್ಪರ ಹಾಕಬೇಕೆಂದು ತೀರ್ಮಾನವಾಯಿತು. ಬಿದಿರು ಹೇಗೂ ಇತ್ತು. ಸರ್ಕಾರದ ಬಿದಿರು ಸರ್ಕಾರದ ತಲೆಯ ಮೇಲೆ ನಿಲ್ಲಲು ಯಾರ ಹುಕುಮ್ಮೂ ಬೇಕಾಗಲಿಲ್ಲ. ಸುತ್ತಮುತ್ತ ಚಪ್ಪರ ಕಟ್ಟುವುದರಲ್ಲಿ ಕೆಂಪಣ್ಣನದೇ ಕೈ. ನಾಳೆ ಇದೇ ಗಳಗಳಲ್ಲಿ ಮಗಳಿಗೆ ಗುಡಿಸಲು ಎಂದುಕೊಂಡು ಅವನು ಒಂದೊಂದು ಗಂಟನ್ನೂ ಪ್ರೀತಿಯಿಂದ ಬಿಗಿದ.

ಅವನ ಹೆಂಡತಿ ದೊಡ್ಡತಾಯಮ್ಮನಿಗೆ ಬೇರೆಯೇ ಚಿಂತೆ. ಆರತಿ ಎತ್ತುವವಳು ಅವಳು. ಹೊಸ್ತಿಲು ಕೊಚ್ಚಿಹೋಗಿತ್ತು, ಮಾನ ಕೊಚ್ಚಿಹೋಗಿರಲಿಲ್ಲ.

"ಈ ಕೆಸ್ರು ಸೀರೇಲಿ ಅವ್ರ ಮುಂದೆ ನಿಂತ್ಕಳಕಾಯ್ತದಾ? ಊರ್ ಮರ್ವಾದೆ ಏನಾಗ್ಬೇಕು?" ಎಂದು ಅವಳೇ ಜಿನನಾಥಪುರಕ್ಕೆ ನಡೆದುಹೋಗಿ, ಜವಳಿ ಅಂಗಡಿಯ ಶಾಂತರಾಜಯ್ಯನವರನ್ನು ಕೇಳಿದಳು. ಧರ್ಮಿಷ್ಠರು. ಐದು ಮಂದಿ ಮುತ್ತೈದೆಯರಿಗೆ ಐದು ರೇಷ್ಮೆ ಸೀರೆ ಕೊಟ್ಟರು, ಒಂದು ದಿನದ ಮಟ್ಟಿಗೆ. ಕಂಬಳಿ ಕೇಳಿದ್ದರೆ ಅದನ್ನೂ ಕೊಡುತ್ತಿದ್ದರೇನೋ. ಕೇಳುವುದು ಅವಳಿಗೆ ಹೊಳೆಯಲಿಲ್ಲ.

ಮೈಲಿಗೆ ಎದುರಾಗಬಾರದೆಂದು ಮಗಳನ್ನೂ ಕೂಸನ್ನೂ ತೋಪಿನ ಹಿಂದಿನ ಹುಣಸೆಮರದ ಆಚೆಗೆ ಸಾಗಿಸಿದವಳೂ ಅವಳೇ. ಚಿಕ್ಕಲಕ್ಷ್ಮಮ್ಮನ ಮೈ ಕೆಂಡದಂತೆ ಸುಡುತ್ತಿತ್ತು.

"ಅವ್ವಾ, ಚಳಿ ಕಣವ್ವಾ."

"ಇವತ್ತೊಂದಿನ ತಡ್ಕೊ ನನ್ ಕಂದ. ಸಾಯೇಬ್ರು ನೋಡ್ಕಂಡು ಹೋದ್ರೆ ಬೈಗಿಗೆ ಗುಡ್ಸ್ಲು."

ಅಮಲ್ದಾರರು ಮೋಟಾರಿನಲ್ಲಿ ಬಂದರು. ಮಾವಿನ ತೋರಣ, ರಂಗೋಲಿ, ಚಪ್ಪರ. ಜರಿಯ ಸೆರಗು ಹೊದ್ದ ಐದು ಮಂದಿ ಹೆಂಗಸರು. ಅಮಲ್ದಾರರ ಮುಖದಲ್ಲಿ ನಿಜವಾದ ಸಂತೋಷ ಕಾಣಿಸಿತು. ಎಳನೀರು ಕುಡಿಯುತ್ತ, ಆರತಿ ತಟ್ಟೆ ಹಿಡಿದಿದ್ದ ದೊಡ್ಡತಾಯಮ್ಮನನ್ನು ಕೇಳಿದರು: "ಏನಮ್ಮ, ಎಲ್ಲರೂ ಚೆನ್ನಾಗಿದ್ದೀರಷ್ಟೆ?"

"ನಿಮ್ಮ ಧರ್ಮದಿಂದ ಚೆನ್ನಾಗಿದೀವಿ ಸಾ. ಏನೂ ಕಮ್ಮಿಯಿಲ್ಲ."

ಬಂದವರು ಚೆನ್ನಾಗಿದ್ದೀರಾ ಎಂದರೆ ಹೀಗೆಯೇ ಹೇಳಬೇಕು. ಕೂತು, ದಣಿವಾರಿಸಿಕೊಂಡು, ಎಲೆ ಅಡಿಕೆ ಹಾಕಿಕೊಂಡ ಮೇಲೆ ಕಷ್ಟಸುಖದ ಮಾತು. ನಮ್ಮಲ್ಲಿ ಮೂರು ವರ್ಷದ ಮಗುವಿಗೂ ಇದು ಗೊತ್ತು. ಅಮಲ್ದಾರರಿಗೆ ಗೊತ್ತಿರಲಿಲ್ಲ. ಅವರು ಕೂರಲೇ ಇಲ್ಲ. ದೊಡ್ಡತಾಯಮ್ಮ ಎಲೆ ಅಡಿಕೆ ತಟ್ಟೆಗೆ ಬಗ್ಗಿ ಏಳುವಷ್ಟರಲ್ಲಿ ಮೋಟಾರಿನ ಬಾಗಿಲು ಹಾಕಿಕೊಂಡಿತ್ತು.

"ಪರವಾಗಿಲ್ಲ ಪಟೇಲರೆ, ಸಂತೋಷ. ಹೊಳೆನರಸೀಪುರದ ಕಡೆ ಹೊಳೆ ಉಕ್ಕಿ ಜನ ಬೀದಿಗೆ ಬಿದ್ದಿದ್ದಾರಂತೆ. ಇಲ್ಲಿನ ಬಿದಿರು ಅಲ್ಲಿಗೆ ಸಾಗಿಸಿ."

"ಸಾ, ಸಾ..." ಎಂದು ದೊಡ್ಡತಾಯಮ್ಮ ತಟ್ಟೆ ಹಿಡಿದೇ ಓಡಿದಳು. ಮೋಟಾರಿನ ಧೂಳು ರೇಷ್ಮೆ ಸೀರೆಯ ಮೇಲೆ ಕೂತಿತು. ಇದನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಯಾರ ಮೇಲೆ ಎಂದು ಕೇಳಬೇಡಿ.

ಚಪ್ಪರ ಬಿಚ್ಚುವ ಕೆಲಸವೂ ಕೆಂಪಣ್ಣನಿಗೇ ಬಂತು. ಬಿಗಿದ ಗಂಟುಗಳು ಸುಲಭವಾಗಿ ಬಿಚ್ಚಿಕೊಳ್ಳಲಿಲ್ಲ. ಸಂಜೆಯವರೆಗೂ ಪಟೇಲನ ಕಾಲು ಹಿಡಿದ. ಪಾಪಯ್ಯನ ಕಣ್ಣೂ ಒದ್ದೆಯಾಯಿತು, ಆದರೆ ಹುಕುಂ ಹುಕುಮ್ಮೇ. ಬೆಳಗ್ಗೆ ಗಾಡಿ ಹೂಡುವ ಹೊತ್ತಿಗೆ ಹುಣಸೆಮರದ ಆಚೆಯಿಂದ ದೊಡ್ಡತಾಯಮ್ಮನ ಗೋಳು ಕೇಳಿತು. ಚಿಕ್ಕಲಕ್ಷ್ಮಮ್ಮ ಹೋಗಿಬಿಟ್ಟಿದ್ದಳು. ಕೂಸು ಅವಳ ತಣ್ಣಗಾದ ಎದೆಯನ್ನು ಚೀಪುತ್ತಿತ್ತು.

ಪಾಪಯ್ಯ ಗಾಡಿ ನಿಲ್ಲಿಸಿ, ತಾನೇ ಹತ್ತಿ, ನೇರವಾದ ಎರಡು ಬಿದಿರು ಆರಿಸಿ ಕೆಳಗಿಳಿಸಿದ.

"ತಗೋ ಕೆಂಪಣ್ಣ. ಇದ್ಕೆ ಯಾರ್ನೂ ಕೇಳ್ಬೇಕಿಲ್ಲ."

ಕೆಂಪಣ್ಣ ಬಿದಿರು ಮುಟ್ಟದೆ ನಿಂತ. ದೊಡ್ಡತಾಯಮ್ಮ ಕೂಸನ್ನು ಎದೆಗವುಚಿಕೊಂಡು ಬಂದು ಗಾಡಿಯ ಮೂಕಿ ಹಿಡಿದಳು. ಅವಳ ಅಳು ನಿಂತಿತ್ತು.

"ನಂಗೆರಡು, ನನ್ ಗಂಡಂಗೆರಡು, ಈಗ್ಲೇ ಕೊಟ್ಬುಡಿ ಪಟೇಲ್ರೆ. ಎಂಗೂ ನಾವೂ ಸಾಯೋರೇಯ. ಅಲ್ಲೀಗಂಟ ಈ ಮಗೀಗೆ ಮರೆ ಕಟ್ಕತೀವಿ."

ಪಾಪಯ್ಯ ಗಾಡಿಯ ಮೇಲಿಂದಲೇ ಕೂಸನ್ನು ನೋಡಿದ. ಬಿದಿರಿನ ರಾಶಿ ನೋಡಿದ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

"ಅಂಗಾಗಕ್ಕಿಲ್ಲ ದೊಡ್ತಾಯಿ," ಎಂದ, ನಿಜವಾದ ಸಂಕಟದಿಂದ. "ಸತ್ಮ್ಯಾಲೆ ಯೋಳ್ಕಳ್ಸು, ನಾನೇ ತಂದ್ಕೊಡ್ತೀನಿ."

ಗಾಡಿಗಳು ಹೊಳೆನರಸೀಪುರದ ದಾರಿ ಹಿಡಿದವು.