ಮಾಯಾಗಿರಿಯ ಮಂಕರು

"ಏ ಮುದುಕಿ, ನೆಟ್ಟಗ ನಡದ್ರ ಕಸಬರಿಗಿ ನೆಲಕ್ಕ ಹೆಂಗ ಹತ್ತತೈತಿ? ತಲ್ಯಾಗ ಸಗಣಿ ತುಂಬೈತೇನ್? ಬಗ್ಗು. ಇನ್ನೂ ಬಗ್ಗು. ಮರಳಿನ ಮ್ಯಾಲೆ ನಿನ್ನ ಒಂದ ಹೆಜ್ಜಿನೂ ಕಾಣಬಾರ್ದು!"

ಬೈಸಿಕೊಳ್ಳುತ್ತಿದ್ದವಳು ನನ್ನ ಅತ್ತೆ ಜಂಬವ್ವ. ಬೈಯುತ್ತಿದ್ದವನು ಮ್ಯಾನೇಜರ್ ಲಿಂಗರಾಜ್. ಮರಿಯಮ್ಮನಹಳ್ಳಿಯವನು. ಮೊನ್ನೆ ಮೊನ್ನೆಯವರೆಗೆ ಲಾರಿ ಆಫೀಸಿನಲ್ಲಿ ಕೂತು ಡ್ರೈವರುಗಳ ಹತ್ತಿರ ಬೈಸಿಕೊಳ್ಳುತ್ತಿದ್ದವನು, ಈಗ ಮಹಾಮಾಂತ್ರಿಕ. ಎಮ್ಮೆಗಳು ಕೆಸರು ಹುಡುಕಿಕೊಂಡು ಹೋಗುವ ಬಿಸಿಲಿನಲ್ಲಿ ಕಾಲಿನತನಕ ಕಪ್ಪು ನಿಲುವಂಗಿ ತೊಟ್ಟು, ತಲೆಗೆ ಚೂಪು ಟೊಪ್ಪಿಗೆ ಇಟ್ಟು, ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಹೆತ್ತ ತಾಯಿ ಅವನನ್ನು ಆ ವೇಷದಲ್ಲಿ ಕಂಡಿದ್ದರೆ ದೆವ್ವ ಬಿಡಿಸಲು ಕರೆದುಕೊಂಡು ಹೋಗುತ್ತಿದ್ದಳು.

ನಮ್ಮ ವೇಷ ಬೇರೆ. ಮೈಗೆ ಗೋಣಿಚೀಲ, ಮುಖಕ್ಕೆ ಬೂದಿ, ಸೊಂಟದ ಹಿಂದೆ ಹಗ್ಗದಿಂದ ಬಿಗಿದ ಕಸಬರಿಗೆ. ನಾವು ನಡೆದಂತೆಲ್ಲ ಅದು ಹಿಂದಿನಿಂದ ನೆಲ ಸವರುತ್ತ ಬಂದು ನಮ್ಮ ಹೆಜ್ಜೆಗಳನ್ನು ಅಳಿಸಬೇಕು. ಆ ಕಸಬರಿಗೆಗಳನ್ನು ಕಟ್ಟಿದವರೂ ನಾವೇ. ತಲೆತಲಾಂತರದಿಂದ ನಮ್ಮ ಕೇರಿಯ ಕಸುಬು ಅದು.

ಈ ಜಾಗದ ಹೆಸರು ಮಾಯಾಗಿರಿ. ಹಂಪಿಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ, ನಮ್ಮ ಕೇರಿಯ ಪಕ್ಕದ ಹಳ್ಳದ ದಂಡೆಯಲ್ಲಿ, ಕಂಪ್ಲಿಯ ರೈಸ್ ಮಿಲ್ ಸಾಹುಕಾರ ಸಿದ್ದಲಿಂಗೇಶ್ ಕಟ್ಟಿಸಿದ ರೆಸಾರ್ಟು. ಎತ್ತ ನೋಡಿದರೂ ಕಲ್ಲುಬಂಡೆಯೇ ಇರುವ ಈ ಸೀಮೆಯಲ್ಲಿ ಅವನು ಥರ್ಮಾಕೋಲಿನ ಬಂಡೆ ತರಿಸಿ ಕೋಟೆ ನಿಲ್ಲಿಸಿದ್ದಾನೆ. ಒಳಗೆ ಬಂದವರ ಕೈಗೆ ಒಂದೊಂದು ಮಂತ್ರಕೋಲು ಕೊಡುತ್ತಾರೆ. ನಾವು ಒಲೆಗೆ ಹಾಕುವ ಬಳ್ಳಾರಿ ಜಾಲಿಯ ಕಟ್ಟಿಗೆ ಅದು, ಪಾಲಿಶ್ ಹೊಡೆದಿರುತ್ತಾರೆ. ಮಾಯಾಮದ್ದು ಎಂದು ನೀಲಿ ಬಣ್ಣ ಕಲಸಿದ ನನ್ನಾರಿ ಶರಬತ್ತು ಕುಡಿಸುತ್ತಾರೆ. ಕಾಣದ ಕಂಬಳಿ ಎಂದು ಒಂದಿದೆ. ಹೊದ್ದುಕೊಂಡವರು ಯಾರ ಕಣ್ಣಿಗೂ ಬೀಳುವುದಿಲ್ಲವಂತೆ. "ಅದು ನಮಗ್ಯಾಕ ಬೇಕು? ಸಾವ್ಕಾರನ ಕಣ್ಣಿಗೆ ನಾವು ಯಾವತ್ತ ಕಂಡೀವಿ?" ಎಂದು ಅತ್ತೆ ಅದನ್ನು ಒಗೆದು ಹಾಕುವಾಗ ಅಂದಿದ್ದಳು.

ಇಲ್ಲಿ ಬರುವ ಅತಿಥಿಗಳನ್ನು ಜ್ಯೋತಿಗಳು ಅನ್ನಬೇಕು. ನಾವು ಮಂಕರು. ಮಂಕರಿಗೆ ಹುಟ್ಟಿನಿಂದ ಮಂತ್ರ ಬರುವುದಿಲ್ಲ, ಕಲಿತರೂ ಬರುವುದಿಲ್ಲ. ಮಂಕರ ಹೆಜ್ಜೆ ಉಳಿದರೆ ಆ ನೆಲದಲ್ಲಿ ಜ್ಯೋತಿಗಳ ಮಂತ್ರ ಕೆಡುತ್ತದೆ. ಜ್ಯೋತಿ ಎದುರಿಗೆ ಬಂದರೆ ಮಂಕ ಬಾಯಿಗೆ ಕೈ ಅಡ್ಡ ಹಿಡಿಯಬೇಕು. ಇದನ್ನೆಲ್ಲ ಬೆಂಗಳೂರಿನ ಒಬ್ಬ ಬರೆಹಗಾರ ಎಸಿ ರೂಮಿನಲ್ಲಿ ಕೂತು ಹೊಸದಾಗಿ ಹುಟ್ಟಿಸಿದನಂತೆ. ಅವನಿಗೆ ಶಾಲು ಹೊದಿಸಿ ಹಾರ ಹಾಕಿದರು.

ಮೊದಲ ದಿನ ಸೊಂಟಕ್ಕೆ ಕಸಬರಿಗೆ ಕಟ್ಟಲು ಬಂದಾಗ ನನ್ನ ಸಣ್ಣಮಾವ ಎರ್ರಿಯಪ್ಪ ಹಿಂದೆ ಸರಿದಿದ್ದ.

"ಇದೊಂದು ಬ್ಯಾಡ್ರಿ. ಹಿಂದಕ ನಮ್ಮಂಥೋರ ಸೊಂಟಕ್ಕ ಇಂಥವ ಕಟ್ತಿದ್ರಂತ. ನಮ್ಮಜ್ಜ ಹೇಳ್ತಿದ್ದ."

ಲಿಂಗರಾಜ್ ನಕ್ಕ. "ಏ ಎರ್ರಿಯಪ್ಪ, ಇದು ಫ್ಯಾಂಟಸಿಯಪಾ. ಬರೀ ಕಲ್ಪನಾ. ನಿಮ್ಮಜ್ಜನ್ನ ಕೇಳಿ ಬರದಾರೇನ್ ಇದನ್ನ?"

"ಕೇಳಿರಲಿಕ್ಕಿಲ್ಲ ಬಿಡ್ರಿ. ಕೇಳದನ ಇಷ್ಟು ಬರೋಬ್ಬರಿ ಹೆಂಗ ಬರದ್ರು ಅಂತ ವಿಚಾರ ಮಾಡಾಕತ್ತೀನಿ."

ಹಾಗಿದ್ದ ಮೇಲೆ ಯಾಕೆ ಹೋದಿರಿ, ಮಾನ ಮರ್ಯಾದೆ ಇರಲಿಲ್ಲವೇ ಎಂದು ಕೇಳುವವರು ಕೇಳಲಿ. ನಾವು ಹೋದದ್ದು ಈಚಲಿಗಾಗಿ. ಹಳ್ಳದ ಉದ್ದಕ್ಕೂ ಬೆಳೆದ ಈಚಲ ಗರಿ ಕೊಯ್ದು, ಒಣಗಿಸಿ, ಸೀಳಿ ಕಸಬರಿಗೆ ಕಟ್ಟಿದರೆ ನಮ್ಮ ಒಲೆ ಉರಿಯುತ್ತದೆ. ನನ್ನ ಗಂಡ ಯಶವಂತನಗರದ ಗಣಿಯಲ್ಲಿ ಲಾರಿಗೆ ಅದಿರು ತುಂಬುತ್ತಾನೆ. ಅವನ ಕೂಲಿ ಅವನ ಕೆಮ್ಮಿಗೇ ಸಾಲದು. ಸುತ್ತ ಬೇರೆಲ್ಲೂ ಈಚಲು ಉಳಿದಿಲ್ಲ. ನಾವು ಕೊಯ್ಯುವುದಕ್ಕೂ ಒಂದು ರೀತಿ ಇದೆ. ಹೊರಗಿನ ಗರಿ ಮಾತ್ರ ತೆಗೆಯಬೇಕು, ನಡುವಿನ ಸುಳಿ ಮುಟ್ಟಬಾರದು. ಸುಳಿ ಹೋದರೆ ಗಿಡ ಹೋಯಿತು. ಅತ್ತೆ ಮೊದಲ ಗಿಡದ ಬುಡಕ್ಕೆ ಒಂದು ಚೂರು ಬೆಲ್ಲ ಇಟ್ಟು, "ಅವ್ವಾ, ಕೂದಲಾ ತಗೀತೀನಿ, ನೆತ್ತಿ ಮುಟ್ಟಂಗಿಲ್ಲ" ಎಂದು ಹೇಳಿಯೇ ಕುಡುಗೋಲು ಹಾಕುವವಳು.

ಹೋದ ಬೇಸಿಗೆಯಲ್ಲಿ ಸಿದ್ದಲಿಂಗೇಶ್ ಹಳ್ಳಕ್ಕೂ ತಂತಿಬೇಲಿ ಎಳೆದ. ಈಚಲ ಗಿಡಗಳಿಗೆ ಬಣ್ಣದ ಲೈಟು ಸುತ್ತಿ ಮಂತ್ರವನ ಎಂದು ಬೋರ್ಡು ಹಾಕಿದ. ನಾವು ಹೋಗಿ ಕೈಮುಗಿದಾಗ ಉದಾರಿಯಾದ. "ಶನಿವಾರ, ಐತಾರ ಬಂದು ಮಂಕರಾಗಿ ನಿಲ್ರಿ. ಸೋಮವಾರ ಬಂದು ನಿಮ್ಮ ಗರಿ ಕೊಯ್ಕಳ್ರಿ. ನಾನೇನ್ ನಿಮ್ಮ ಹೊಟ್ಟಿ ಮ್ಯಾಲ ಹೊಡೆಯಾವಲ್ಲ." ನಾವು ನಂಬಿದೆವು. ಅವನ ಹಣೆಯ ತುಂಬ ವಿಭೂತಿ ಇತ್ತು.

ಅವನ ಮನೆಗೆ ಕಸಬರಿಗೆ ಕೊಡುತ್ತಿದ್ದವಳೂ ನನ್ನ ಅತ್ತೆಯೇ. ಕಂಪ್ಲಿಯ ಆ ಮನೆಯ ಮೆಟ್ಟಿಲ ಕೆಳಗೆ ಇಟ್ಟು ದೂರ ನಿಂತರೆ, ಸಾಹುಕಾರನ ಹೆಂಡತಿ ಶೈಲಜಮ್ಮ ಬಂದು ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದಳು. ಒಂದು ಸಲ ನಾನು ನನ್ನದೇ ಕಟ್ಟನ್ನು ದಾಟಿದ್ದಕ್ಕೆ, "ಕಸಬರಿಗಿ ಅಂದ್ರ ಲಕ್ಷ್ಮಿ, ದಾಟಬಾರ್ದು ಅನ್ನಾದು ಗೊತ್ತಿಲ್ಲೇನ ನಿಮ್ಮಂಥೋರಿಗೆ?" ಎಂದು ಬೈದಿದ್ದಳು. ಈಗ ಅದೇ ಶೈಲಜಮ್ಮ ಮಾಯಾಗಿರಿಯ ಹುಲ್ಲಿನ ಮೇಲೆ ನಿಂತು, ಹಾರುವ ಕಸಬರಿಗೆ ಎಂದು ಕೊಟ್ಟದ್ದನ್ನು ತೊಡೆಯ ಸಂದಿಯಲ್ಲಿ ಸಿಕ್ಕಿಸಿಕೊಂಡು ಓಡುವ ಅತಿಥಿಗಳ ಫೋಟೋ ತೆಗೆಯುತ್ತಾಳೆ.

"ಲಕ್ಷ್ಮವ್ವ ಎಲ್ಲೆಲ್ಲಿ ಹೊಕ್ಕಾಳ ನೋಡು, ದ್ಯಾಮಕ್ಕ," ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದಾಗ ನಾನು ನಗು ತಡೆಯಲಾರದೆ ಬಾಯಿಗೆ ಕೈ ಇಟ್ಟುಕೊಂಡೆ. ಜ್ಯೋತಿಗಳಿಗೆ ಮರ್ಯಾದೆ ಕೊಟ್ಟಂತೆಯೂ ಆಯಿತು.

ಆ ಭಾನುವಾರ ಬಂದ ಮಂದಿ ಜಾಸ್ತಿ. ಹೈದರಾಬಾದಿನವರು, ಬೆಂಗಳೂರಿನವರು. ಎಲ್ಲರಿಗಿಂತ ಹೆಚ್ಚು ಇಷ್ಟವಾಗುವ ಆಟ ಒಂದಿದೆ. ಜ್ಯೋತಿ ಮಂತ್ರಕೋಲು ತೋರಿಸಿ ‘ಕಲ್ಲಾಗು’ ಎಂದರೆ ಮಂಕ ಇದ್ದಲ್ಲೇ ಕಲ್ಲಾಗಿ ನಿಲ್ಲಬೇಕು. ಅದೇ ಜ್ಯೋತಿ ಬಂದು ‘ಏಳು’ ಅನ್ನುವತನಕ ರೆಪ್ಪೆ ಕೂಡ ಬಡಿಯಬಾರದು. ಕಪ್ಪು ಕನ್ನಡಕದ ಒಬ್ಬ ಹೆಂಗಸು ನಮ್ಮಿಬ್ಬರ ಕಡೆಗೆ ಕೋಲು ಚಾಚಿ, "ಕಲ್ಲಾಗು! ಅಯ್ಯೋ, ನೋಡ್ರೀ, ಎಷ್ಟು ಚೆನ್ನಾಗಿ ನಿಂತಿದ್ದಾರೆ!" ಎಂದಳು. ಅತ್ತೆಯ ಕೈಯಲ್ಲಿ ಶರಬತ್ತಿನ ತಟ್ಟೆ ಇತ್ತು. ನಾನು ಬಗ್ಗಿದ್ದೆ. ಆ ಹೆಂಗಸು ನಮ್ಮ ನಡುವೆ ನಿಂತು ಫೋಟೋ ತೆಗೆಸಿಕೊಂಡಳು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಎಲ್ಲರೂ ಹೋದರು. ಏಳು ಅನ್ನಬೇಕಾದವಳು ಬಫೆಯ ಸಾಲಿನಲ್ಲಿ ನಿಂತಳು.

ಬಿಸಿಲು ನೆತ್ತಿಯ ಮೇಲಿತ್ತು. ಶರಬತ್ತಿಗೆ ನೊಣ ಮುತ್ತಿದವು, ಆಮೇಲೆ ಅತ್ತೆಯ ಮುಖಕ್ಕೆ ಮುತ್ತಿದವು. ತಟ್ಟೆಯ ಗ್ಲಾಸುಗಳು ಒಂದಕ್ಕೊಂದು ತಾಗಿ ಸದ್ದು ಮಾಡತೊಡಗಿದವು. ಲಿಂಗರಾಜ್ ಹಾದುಹೋಗುವಾಗ ನಾನು ತುಟಿ ಬಿಚ್ಚದಂತೆ ಹೇಳಿದೆ.

"ಸಾರ್, ನಮ್ಮತ್ತಿಗೆ ತಲಿ ತಿರುಗಿ ಬವಳಿ ಬರಾಂಗ ಐತ್ರಿ. ನೀವರ ಏಳು ಅನ್ರಿ."

"ಕಲ್ಲು ಮಾತಾಡಂಗಿಲ್ಲ. ಯಾರು ಕಲ್ಲು ಮಾಡ್ಯಾರ ಅವ್ರ ಬಂದು ಎಬ್ಬಸಬೇಕು. ರೂಲ್ಸು. ಅಳ್ಳಾಡಿದ್ರಿ ಅಂದ್ರ ನಾಳಿ ಈಚಲದ ಮಾತು ಮರ್ತುಬಿಡ್ರಿ."

ನಾವು ಅಳ್ಳಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆಯ ಕಾಲ ಬುಡದ ಬಿಳಿ ಮರಳು ಒದ್ದೆಯಾಯಿತು. ಅದು ಬೆವರಲ್ಲ. ಊಟದ ಶಾಮಿಯಾನದಿಂದ ಒಬ್ಬಿಬ್ಬರು ನೋಡಿ ಏನೋ ಹೇಳಿಕೊಂಡು ನಕ್ಕರು. ನಾಲ್ಕು ಮಕ್ಕಳನ್ನು ಹೆತ್ತ, ಕೇರಿಯ ಪಂಚಾಯ್ತಿಯಲ್ಲಿ ಗಂಡಸರ ಬಾಯಿ ಮುಚ್ಚಿಸುವ ಆ ಹೆಂಗಸು ಹಾಗೆ ನಿಂತಿದ್ದಳು. ನಾನೂ ನಿಂತೆ. ನಾಳೆಯ ಈಚಲು ಕಣ್ಣ ಮುಂದಿತ್ತು.

ಆಗ ಸಿದ್ದಲಿಂಗೇಶ್ ಕಿವಿಗೆ ಫೋನು ಹಚ್ಚಿಕೊಂಡು ನಮ್ಮ ಪಕ್ಕಕ್ಕೇ ಬಂದು ನಿಂತ.

"ಎಲ್ಲದೀಯಪಾ? ಸೋಮವಾರ ಬ್ಯಾಡಲೇ, ಈಗ್ಲೇ ಜೆಸಿಬಿ ತಗಂಡು ಹಳ್ಳದ ಗೇಟಿಗೆ ಬಾ. ಈಚಲ ಎಲ್ಲಾ ಬೇರು ಸಮೇತ ಕಿತ್ತು ಹಾಕು. ಅಲ್ಲಿ ಕೆರಿ ಮಾಡಾದೈತಿ, ಬೋಟ್ ಬಿಡ್ಬೇಕು... ಏ, ಯಾವನೂ ಅಡ್ಡ ಬರಂಗಿಲ್ಲ. ಆ ಕಸಬರಿಗಿ ಸೂಳೇಮಕ್ಳೆಲ್ಲಾ ಇಲ್ಲೇ ಮಂಕರ ಯಾಸ ಹಾಕ್ಕಂಡು ನಿಂತಾರ. ಕೇರ್ಯಾಗ ನಾಯಿ ಬಿಟ್ರ ಯಾರೂ ಇಲ್ಲ. ಜಲ್ದಿ ಬಾ."

ಮಾತಾಡುತ್ತ ಅತ್ತೆಯ ಕೈಯಲ್ಲಿದ್ದ ತಟ್ಟೆಯಿಂದ ಒಂದು ಗ್ಲಾಸು ತೆಗೆದುಕೊಂಡು ಗಟಗಟ ಕುಡಿದ. ಖಾಲಿ ಗ್ಲಾಸನ್ನು ಅದೇ ತಟ್ಟೆಯಲ್ಲಿಟ್ಟ. ತಟ್ಟೆ ಹಿಡಿದದ್ದು ಯಾರು ಎಂದು ಅವನು ನೋಡಿರಲಿಲ್ಲ.

"ಸಾವ್ಕಾರ," ಎಂದಳು ಅತ್ತೆ. "ನನ್ನ ಕೈಯಾಗಿನ ನೀರು ಕುಡದ್ಯಲ್ಲ, ಹೆಂಗಿತ್ತು?"

ಸಾಹುಕಾರ ಬೆಚ್ಚಿಬಿದ್ದ. ಕುಡಿದದ್ದು ನೆತ್ತಿಗೇರಿ ಕೆಮ್ಮತೊಡಗಿದ. ಅತ್ತೆ ತಟ್ಟೆಯನ್ನು ಅವನ ಕಾಲ ಬುಡಕ್ಕೆ ಬಿಟ್ಟಳು. ಗೋಣಿಚೀಲದೊಳಗೆ ಕೈ ಹಾಕಿ, ಯಾವಾಗಲೂ ಸೆರಗಿಗೆ ಸಿಕ್ಕಿಸಿಕೊಂಡಿರುತ್ತಿದ್ದ ಕುಡುಗೋಲು ತೆಗೆದು ಸೊಂಟದ ಹಗ್ಗ ಕೊಯ್ದಳು. ನನ್ನದನ್ನೂ ಕೊಯ್ದಳು.

"ಏ ಎರ್ರಿಯಪ್ಪ! ಬಿಸಾಕಲೇ ಆ ಹಲಗಿ! ನಮ್ಮ ಈಚಲಕ್ಕ ಜೆಸಿಬಿ ಕಳಿಸ್ಯಾನ ಈ ಭಾಡ್ಕಾವ್!"

ಕೋಟೆಯ ಬಾಗಿಲಲ್ಲಿ ಹಲಗೆ ಬಡಿಯುತ್ತಿದ್ದ ಎರ್ರಿಯಪ್ಪ ಕೂಗು ಕೇಳಿದ ಕೂಡಲೇ ಓಡಿಬಂದ. ಪಾತ್ರೆ ತೊಳೆಯುತ್ತಿದ್ದವರು, ಪಲ್ಲಕ್ಕಿ ಹೊರುತ್ತಿದ್ದವರು, ಅಲ್ಲಲ್ಲಿ ಕಲ್ಲಾಗಿ ನಿಂತಿದ್ದವರು, ಕೇರಿಯವರೆಲ್ಲ ಒಬ್ಬೊಬ್ಬರಾಗಿ ಕಸಬರಿಗೆ ಬಿಚ್ಚಿ ಎಸೆದು ನಮ್ಮ ಹಿಂದೆ ಬಂದರು. ಅತ್ತೆ ಬಗ್ಗದೆ ನಡೆದಳು. ಒದ್ದೆ ಸೀರೆ ಕಾಲಿಗೆ ಅಂಟುತ್ತಿತ್ತು, ಅದರ ಕಡೆ ಅವಳಿಗೆ ಗಮನವಿರಲಿಲ್ಲ.

ಜ್ಯೋತಿಗಳು ಎಂಜಲ ಕೈಯಲ್ಲೇ ಶಾಮಿಯಾನದಿಂದ ಹೊರಬಂದರು. "ಏನಾಯ್ತು, ಏನಾಯ್ತು?" ಎಂಬ ಗದ್ದಲ. ಲಿಂಗರಾಜ್ ಬುದ್ಧಿವಂತ. ಓಡಿಹೋಗಿ ಮೈಕು ಹಿಡಿದ.

"ಪ್ರಿಯ ಜ್ಯೋತಿಗಳೇ! ಇದೀಗ ನಿಮಗಾಗಿ ಇಂದಿನ ವಿಶೇಷ ಪ್ರದರ್ಶನ, ಮಂಕರ ದಂಗೆ!"

ಚಪ್ಪಾಳೆ ಬಿತ್ತು. ಸಿಳ್ಳೆ ಬಿತ್ತು. ಫೋನು ಹಿಡಿದುಕೊಂಡು ನಮ್ಮ ಹಿಂದೆಯೇ ಬಂದರು. ಕಪ್ಪು ಕನ್ನಡಕದ ಹೆಂಗಸು ಅತ್ತೆಯ ಮುಂದೆ ಹಾರಿ ಬಂದು ಕೋಲು ಚಾಚಿ, "ಕಲ್ಲಾಗು!" ಎಂದಳು. ಅತ್ತೆ ಆ ಕೋಲನ್ನು ಕಸಿದು, ಮೊಣಕಾಲಿಗೆ ಹಚ್ಚಿ ಮುರಿದು, "ಜಾಲಿ ಕಟಿಗಿ ಇದು, ತಂಗಿ. ಒಲಿಗಿ ಹಾಕು, ಅನ್ನ ಬೇಯತೈತಿ," ಎಂದು ಕೈಗೆ ಕೊಟ್ಟಳು. ಆಕೆ ತುಂಡುಗಳನ್ನು ಹಿಡಿದುಕೊಂಡು, "ವಾವ್, ಎಷ್ಟು ನ್ಯಾಚುರಲ್ ಆಗಿ ಮಾಡ್ತಾರೆ!" ಎಂದು ಪಕ್ಕದವರಿಗೆ ಹೇಳಿದಳು. ಇಂಥವರಿಗೆ ಏನು ಮಾಡಿದರೆ ತಟ್ಟುತ್ತದೆ, ನೀವೇ ಹೇಳಿ.

ತಂತಿಬೇಲಿ ಬಗ್ಗಿಸಿ ನಾವು ಈಚಲಿಗೆ ಇಳಿದೆವು. ಅಷ್ಟರಲ್ಲಿ ಹಳ್ಳದ ಗೇಟಿನಿಂದ ಜೆಸಿಬಿಯೂ ಒಳಗೆ ಬಂತು. ಎರ್ರಿಯಪ್ಪ ಅದರ ಮುಂದೆ ಓಡಿಹೋಗಿ ಕೈ ಅಡ್ಡ ಹಾಕಿದ. ಡ್ರೈವರು ಗೋಣಿಚೀಲ ತೊಟ್ಟು ಬೂದಿ ಬಳಿದುಕೊಂಡ ಮುದುಕನನ್ನೂ ಟೊಪ್ಪಿಗೆ ಹಾಕಿಕೊಂಡ ಮಂದಿಯನ್ನೂ ನೋಡಿ, ಯಾವ ಹುಚ್ಚಾಸ್ಪತ್ರೆಗೆ ಬಂದೆನೋ ಅನ್ನುವಂತೆ ಬಾಯಿಬಿಟ್ಟ.

"ಜೆಸಿಬಿ ಕೂಡ ಶೋನಲ್ಲಿ ಇದೆಯಾ?" ಎಂದು ಯಾರೋ ಕೇಳಿದರು.

ಸಿದ್ದಲಿಂಗೇಶ್ ಅತಿಥಿಗಳ ಕಡೆಗೆ ನಗುಮುಖ ತಿರುಗಿಸಿಕೊಂಡೇ ಅತ್ತೆಯ ಹತ್ತಿರ ಬಂದು ಹಲ್ಲು ಕಚ್ಚಿ ಸಣ್ಣ ದನಿಯಲ್ಲಿ ಅಂದ.

"ಹೊರಗ ಬಾ, ಹಲ್ಕಟ್ ಮುದುಕಿ. ಮಂದಿ ಹೋದ ಮ್ಯಾಲ ನಿಮ್ಮ ಕೇರೀನೂ ಇದ್ರಾಗ ಕಿತ್ತು ಹಾಕಸ್ತೀನಿ."

ಅತ್ತೆ ಸಣ್ಣ ದನಿಯಲ್ಲಿ ಮಾತಾಡಿ ಗೊತ್ತಿದ್ದವಳಲ್ಲ.

"ಕೇಳಿಸ್ತೇನ್ರಿ ಎಲ್ರಿಗೂ? ಮಂದಿ ಹೋದ ಮ್ಯಾಲ ನಮ್ಮ ಗುಡಿಸಲಾ ಕೀಳಸ್ತಾನಂತ! ನಾಳಿ ಗರಿ ಕೊಡ್ತೀನಂತ ಹೇಳಿ ನನ್ನ ಉಚ್ಚಿ ಹೊಯ್ಕಳಾತನಕ ಬಿಸಲಾಗ ನಿಂದ್ರಿಸಿ, ಇವತ್ತ ಗಿಡ ಕೀಳಾಕ ಮಷೀನ್ ಕರಸ್ಯಾನ! ಇದು ಆಟಲ್ಲ, ನಿಮ್ಮೌನ! ಇದು ನಮ್ಮ ಅನ್ನ!"

ಚಪ್ಪಾಳೆ ಹೊಡೆಯಲು ಎತ್ತಿದ ಕೆಲವು ಕೈಗಳು ಅಲ್ಲಿಯೇ ನಿಂತವು. ಕೆಲವರು ಫೋನು ಇಳಿಸಿದರು. ಕೆಲವರು ಇನ್ನೂ ಹತ್ತಿರ ತಂದರು. ಸಾಹುಕಾರನ ಮುಖದ ನಗು ಹೋಯಿತು. ಅವನು ಡ್ರೈವರಿಗೆ ಕೈಸನ್ನೆ ಮಾಡಿ ಕಿರುಚಿದ.

"ನೋಡ್ತಾ ಕುಂದ್ರಾಕ ಕರಸೀನೇನ್ಲೇ ನಿನ್ನ? ಹಾಕು ಬಕೆಟ್!"

ಇಂಜಿನ್ ಗುಡುಗಿತು. ಎರ್ರಿಯಪ್ಪನ ಪಕ್ಕದಿಂದ ಹಾಯ್ದು ಜೆಸಿಬಿ ಮುಂದೆ ಬಂತು. ಅತ್ತೆ ಆಗಲೇ ಮೊದಲ ಗಿಡಕ್ಕೆ ಹೋಗಿ ಗರಿ ಕೊಯ್ಯತೊಡಗಿದ್ದಳು. ನಾನು ಅವಳ ಮಗ್ಗುಲಿನ ಗಿಡಕ್ಕೆ ಬೆನ್ನು ಕೊಟ್ಟು ನಿಂತೆ. ಮುಳ್ಳು ಗೋಣಿಚೀಲ ದಾಟಿ ಮೈಗೆ ನಾಟಿದವು. ಕೇರಿಯ ಉಳಿದವರು ಗಿಡಕ್ಕೊಬ್ಬರಂತೆ ನಿಂತರು. ನನಗೆ ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಬಕೆಟ್ಟು ಮೇಲೆದ್ದು ಅತ್ತೆಯ ತಲೆಯ ಮೇಲೆ ಬಂದು ನಿಂತಿತು. ಅದರ ಹಲ್ಲಿಗೆ ಅಂಟಿದ್ದ ಕೆಂಪು ಮಣ್ಣು ಅವಳ ಹೆಗಲ ಮೇಲೆ ಉದುರಿತು. ಅವಳು ಒಂದು ಗರಿ ಕೊಯ್ದು ಪಕ್ಕಕ್ಕಿಟ್ಟು, ತಲೆ ಎತ್ತದೆ ಡ್ರೈವರಿಗೆ ಹೇಳಿದಳು.

"ತಡಿಯಪಾ. ಈ ಗಿಡದ ಗರಿ ಇನ್ನೂ ಅದಾವ."

ಡ್ರೈವರು ಸಾಹುಕಾರನ ಕಡೆ ನೋಡಿದ. ಸಾಹುಕಾರ ಕೈ ಇಳಿಸಿರಲಿಲ್ಲ. ಇಂಜಿನ್ ಆರಿರಲಿಲ್ಲ. ಅತ್ತೆ ಮತ್ತೊಂದು ಗರಿಗೆ ಕುಡುಗೋಲು ಹಾಕಿದಳು.