ಹಾಳೆಯ ಮೇಲೆ ಒಂಟಿ ಪರಮಾಣು

ನಾನು ಒಂದು ಕಂಪ್ಯೂಟರ್. ಹುಬ್ಬಳ್ಳಿಯ ಅಂಗಡಿಯಲ್ಲಿ ನನ್ನನ್ನು ಬಿಡಿಬಿಡಿಯಾಗಿ ಜೋಡಿಸಿ, ಆಟೋದಲ್ಲಿ ಧಾರವಾಡದ ಭೌತಶಾಸ್ತ್ರ ವಿಭಾಗವೊಂದಕ್ಕೆ ತಂದರು. ಆಟ, ಸಿನಿಮಾ ನನ್ನ ಹಣೆಯಲ್ಲಿ ಬರೆದಿರಲಿಲ್ಲ, ಬರೀ ಲೆಕ್ಕ.

ಲೆಕ್ಕ ಕೊಡುತ್ತಿದ್ದವಳು ನೀಲಾಂಬಿಕಾ, ಹಂಚಿನಾಳ ಸರ್ ಕೈಕೆಳಗಿನ ಸಂಶೋಧನಾ ವಿದ್ಯಾರ್ಥಿನಿ. ವಾಹನ ಓಡಿಸಬಲ್ಲ ಹೈಡ್ರೋಜನ್ ಅನಿಲವನ್ನು ಹಿಡಿದಿಡುವಂಥ ವಸ್ತು ಅವಳಿಗೆ ಬೇಕಿತ್ತು. ಪರಮಾಣುವಿನಷ್ಟೇ ದಪ್ಪದ ಇಂಗಾಲದ ಹಾಳೆಯನ್ನು ನನ್ನೊಳಗೆ ಹಾಸಿ, ಮೇಲೆ ಟೈಟೇನಿಯಂನ ಒಂದೇ ಪರಮಾಣು ಕೂರಿಸಿ, ಹೈಡ್ರೋಜನ್ ಬಂದು ಅಂಟುತ್ತದೆಯೇ ಎಂದು ಕೇಳಿದಳು. ನಾನು ಮೈ ಬಿಸಿ ಮಾಡಿಕೊಂಡು ದಿನಗಟ್ಟಲೆ ಲೆಕ್ಕ ಹಾಕಿ, ಅಂಟುತ್ತದೆ ಎಂದೆ. ಕೇಳಿದಷ್ಟರ ಮಟ್ಟಿಗೆ ಅದು ನಿಜವೇ.

"ಭೇಷ್! ನಿನ್ನ ಹಾಳಿ ಮ್ಯಾಲ ಬಸ್ಸೇ ಓಡತೈತಿ ನೋಡವಾ!" ಸರ್ ನಕ್ಕರು.

ನೀಲಾಂಬಿಕಾ ನಗಲಿಲ್ಲ. ನಿಜವಾದ ಹಾಳೆಯ ಮೇಲೆ ಪರಮಾಣು ಒಂಟಿಯಾಗಿರುವುದಿಲ್ಲವಲ್ಲ! ಸರ್ ಊಟಕ್ಕೆ ಹೋದಾಗ ಹಾಳೆ ದೊಡ್ಡದು ಮಾಡಿ, ಹಲವು ಪರಮಾಣುಗಳನ್ನು ದೂರದೂರ ಕೂರಿಸಿದಳು. ವಾರಗಟ್ಟಲೆಯ ಲೆಕ್ಕ ಮುಗಿಯುವಷ್ಟರಲ್ಲಿ ಅವು ಸರಿದು ಸರಿದು ಒಂದೇ ಮುದ್ದೆಯಾಗಿದ್ದವು. ಹೈಡ್ರೋಜನ್ ಕೂರಲು ಹೆಚ್ಚು ಜಾಗ ಉಳಿದಿರಲಿಲ್ಲ.

"ಸರ್, ಅವು ಗುಂಪು ಕಟ್ಟಾಕತ್ತಾವ್ರಿ..."

"ಪ್ರಬಂಧ ಒಪ್ಪಿಸೋ ಹೊತ್ತಿನ್ಯಾಗ ಹೊಸಾ ತಕರಾರು ತರಬ್ಯಾಡವಾ. ಮುಂದ ಬರಾವ್ರು ನೋಡತಾರ ಬಿಡು."

ನೀಲಾಂಬಿಕಾ ಪರದೆಯ ಮೇಲಿನ ಚಿತ್ರ ಮುಚ್ಚಿದಳು. "ಹೂಂರಿ ಸರ್."

ಮುದ್ದೆಯಾದ ಆ ಚಿತ್ರ ಪ್ರಬಂಧಕ್ಕೆ ಹೋಗಲಿಲ್ಲ, ನನ್ನೊಳಗೇ ಉಳಿಯಿತು. ಅವಳಿಗೆ ಪದವಿ ಬಂತು, ಗದಗಿನಲ್ಲಿ ಉಪನ್ಯಾಸಕಿಯಾದಳು. ಹೊಸ ಯಂತ್ರಗಳು ಬಂದ ಮೇಲೆ ನನ್ನ ವೈರು ಕಿತ್ತು ಮೂಲೆಗೆ ಸರಿಸಿದರು. ನನ್ನ ತಲೆಯ ಮೇಲೀಗ ಚಹಾದ ಥರ್ಮಾಸು.

ನಿನ್ನೆ ಯಾವುದೋ ಪ್ರಮಾಣಪತ್ರಕ್ಕೆಂದು ನೀಲಾಂಬಿಕಾ ಬಂದಿದ್ದಳು. ಹೊಸ ವಿದ್ಯಾರ್ಥಿನಿ ತಬಸ್ಸುಮ್ ಕುರ್ಚಿ ಬಿಟ್ಟೆದ್ದು ಓಡಿಬಂದಳು.

"ಅಕ್ಕಾರ, ನಿಮ್ಮ ಪ್ರಬಂಧ ಹಿಡಕೊಂಡ ನಾ ಸುರು ಮಾಡೀನ್ರಿ! ಅದೇ ಹಾಳಿ, ಅದೇ ಒಂದು ಪರಮಾಣು. ಡಾಕ್ಟರೇಟ್ ಇದರ ಮ್ಯಾಲೇ ರೀ."

ನೀಲಾಂಬಿಕಾಳ ಕೈ ನನ್ನ ಮೈಯ ಧೂಳಿನ ಮೇಲೆ ಬಂದು ನಿಂತಿತು. "ಹಾಳಿ ದೊಡ್ಡದು ಮಾಡಿ... ಇನ್ನೊಂದಿಷ್ಟು ಪರಮಾಣು ಇಟ್ಟು ನೋಡವಾ."

"ನಾನೂ ಕೇಳಿದ್ನ್ರೀ. 'ಅದನ್ನೆಲ್ಲಾ ನೀಲಾಂಬಿಕಾ ಆಗಲೇ ನೋಡ್ಯಾಳ' ಅಂದ್ರು ಸರ್. ಹೌದಲ್ರೀ?"

ಅವಳ ಬೆರಳು ನನ್ನ ಧೂಳಿನಲ್ಲಿ ಒಂದು ಗೆರೆ ಎಳೆಯಿತು.

"ಹೌದವಾ. ನೋಡೀನಿ," ಎಂದಳು. ನನ್ನ ಮೇಲಿನ ಕೈ ಹಿಂದಕ್ಕೆ ತೆಗೆದುಕೊಂಡಳು.

ತಬಸ್ಸುಮ್ ಖುಷಿಯಿಂದ ಚಹಾ ಬಗ್ಗಿಸಿಕೊಟ್ಟಳು.

ನಾಳೆ ಗುಜರಿಯವನು ಬರುತ್ತಾನಂತೆ. ಹೋಗುವುದಕ್ಕೆ ನನಗೆ ದುಃಖವಿಲ್ಲ. ಆದರೆ ಆ ಕೈ ನನ್ನ ಮೇಲಿದ್ದ ಒಂದು ಗಳಿಗೆ ಯಾರಾದರೂ ವೈರು ಸಿಕ್ಕಿಸಿದ್ದರೆ, ಅವಳ ಬಾಯಿಗೆ ಬಾರದ್ದನ್ನು ನಾನು ತೋರಿಸಿಬಿಡುತ್ತಿದ್ದೆ. ಅತ್ತ ತಬಸ್ಸುಮ್ ಲೆಕ್ಕಕ್ಕಿಟ್ಟ ಹೊಸ ಯಂತ್ರ ಗುಂಯ್‌ಗುಡುತ್ತಿದೆ. ಅಂಟುತ್ತದೆ, ಅಂಟುತ್ತದೆ ಎನ್ನುತ್ತಿದೆ.