ಇಳಿಜಾರಿನ ನ್ಯೂಟ್ರಲ್

ಬೀದರಿನಿಂದ ಭಾಲ್ಕಿ, ಭಾಲ್ಕಿಯಿಂದ ಔರಾದ, ಔರಾದದಿಂದ ತಿರುಗಿ ಬೀದರ. ಈ ಮೂರು ಮೂಲೆಯ ದಾರಿಯನ್ನು ಹಾವಗೆಪ್ಪ ಇಪ್ಪತ್ತೆರಡು ವರ್ಷ ಸುತ್ತಿದ್ದ. ಜಪ ಮಾಡುವವರು ಮಣಿ ಎಣಿಸುತ್ತಾರೆ, ಇವನು ತನ್ನ ಸುತ್ತುಗಳನ್ನು ಎಂದೂ ಎಣಿಸಲಿಲ್ಲ. ಭಾಲ್ಕಿಯ ಸಾಹುಕಾರರೊಬ್ಬರ ಕ್ರೂಸರ್ ಜೀಪು, ಒಳಗೆ ಹದಿನಾಲ್ಕು ಜನ, ಹಿಂದೆ ಜೋತುಬಿದ್ದವರು ಇಬ್ಬರು, ಟಾಪಿನ ಮೇಲೆ ಜೋಳದ ಚೀಲ. ದಾರಿಯಲ್ಲಿ ಯಾರು ಕೈ ಎತ್ತಿದರೂ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಅದು ಹೊಟ್ಟೆಪಾಡಿಗೆ ಕಲಿತದ್ದೋ ಶರಣರ ಮಾತು ಕೇಳಿ ಕಲಿತದ್ದೋ ಅವನಿಗೂ ತಿಳಿಯದು.

ಆಮೇಲೆ ಎರಡು ವರ್ಷ ಸಾಲಾಗಿ ಮಳೆ ಹೋಯಿತು. ಮೊದಲ ವರ್ಷ ತೊಗರಿ ಹೊಲದಲ್ಲೇ ಒಣಗಿತು. ಎರಡನೇ ವರ್ಷ ಜನರೇ ಊರಲ್ಲಿ ಉಳಿಯಲಿಲ್ಲ. ಪುಣೆ, ಹೈದರಾಬಾದು ಎಂದು ದೊಡ್ಡ ಬಸ್ಸು ಹತ್ತಿ ಹೋದರು. ಕೈ ಎತ್ತುವವರೇ ಇಲ್ಲದ ರಸ್ತೆಯಲ್ಲಿ ಜೀಪಿಗೆ ಏನು ಕೆಲಸ? ಸಾಹುಕಾರರು ಅದನ್ನು ಮಾರಿದರು. ಹಾವಗೆಪ್ಪನ ಹೆಂಡತಿ ಗುರಮ್ಮನ ಅಣ್ಣ ಪುಣೆಯ ಒಂದು ಕಟ್ಟಡದಲ್ಲಿ ಗಂಡ ಹೆಂಡತಿ ಇಬ್ಬರಿಗೂ ವಾಚಮನ್ ಕೆಲಸ ಗೊತ್ತು ಮಾಡಿದ. ಸೋಮವಾರ ಹೊರಡುವುದೆಂದು ನಿಶ್ಚಯವಾಯಿತು.

ಶನಿವಾರ ಬೆಳಿಗ್ಗೆ ಬೀದರಿನ ಚಿದ್ರಿಯ ಕಣ್ಣಿನ ದವಾಖಾನೆಯಿಂದ ಡಾಕ್ಟರ್ ಮಹಮೂದಾ ಬೇಗಂ ಹೇಳಿಕಳಿಸಿದರು. ವಾರವಾರ ಹಳ್ಳಿಗಳಿಗೆ ಹೋಗಿ, ಪೊರೆ ಬಂದವರನ್ನು ಗಾಡಿಯಲ್ಲಿ ಕೂಡಿಸಿಕೊಂಡು ಬಂದು ಆಪರೇಶನ್ ಮಾಡಿ ಕಳಿಸುವ ಹೆಣ್ಣುಮಗಳು ಅವರು, ಎಲ್ಲರಿಗೂ ಡಾಕ್ಟರ್ ಬಾಯಿ. ಮಾತು ಬಿರುಸು, ಕೈ ಹೂವಿನಷ್ಟು ಹಗುರ.

“ನನ್ನ ಜೀಪು ಮುದಿ ಆಗ್ಯಾದ ಹಾವಗೆಪ್ಪಾ. ಕರೆಂಟಿನ ಕಾರು ತಗೋಬೇಕಂತ ಮಾಡೀನಿ. ಷೋರೂಮಿನವರು ಇವತ್ತ ಒಂದು ದಿನ ಓಡಿಸಿ ನೋಡ್ರಿ ಅಂದಾರ. ನಂಗ ಅವರ ಕಾಗದದ ಲೆಕ್ಕ ಬ್ಯಾಡ. ಭಾಲ್ಕಿ, ಔರಾದ ಸುತ್ತಿ, ಅದು ತನ್ನ ಕಾಲ ಮ್ಯಾಲೆ ತಾನ ಈ ಬಾಗಲಿಗೆ ಬಂದು ನಿಂತರ ಕಾರೂ ತಗೋತೇನಿ, ಡ್ರೈವರನೂ ನೀನ. ನಡುದಾರಿಗೆ ನಿಂತ್ರ ಕಾರೂ ಇಲ್ಲ, ಡ್ರೈವರನೂ ಇಲ್ಲ. ತಿಳೀತಾ?”

ತಿಳಿಯಿತು. ಪುಣೆಗೂ ಬೀದರಿಗೂ ನಡುವೆ ಈಗ ಒಂದೇ ಒಂದು ಸುತ್ತು ಉಳಿದಿತ್ತು.

ಷೋರೂಮಿನಿಂದ ಕಾರು ತಂದವನು ಮಾಣಿಕ. ಇಸ್ತ್ರಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಮುಖದಲ್ಲಿ ಚಿಂತೆ. “ಪೂರಾ ಚಾರ್ಜ್ ಆಗಿಲ್ರಿ. ರಾತ್ರಿ ಕರೆಂಟ್ ಹೋಗಿತ್ರಿ. ನೂರಕ್ಕ ಎಪ್ಪತ್ತೆರಡು ಅದ. ನಾಳಿ ಹೋಗಮಲ್ರಿ?”

“ನನ್ನ ಹಳ್ಳ್ಯಾಗೂ ಕರೆಂಟ್ ಹೋಗ್ತದ,” ಎಂದರು ಡಾಕ್ಟರ್ ಬಾಯಿ, ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡು. “ನಡೀರಿ.”

ಹಾವಗೆಪ್ಪ ಹಣೆಯ ವಿಭೂತಿ ಮುಟ್ಟಿ ಸ್ಟಿಯರಿಂಗಿಗೆ ಹಚ್ಚಿದ. ಗೇರಿನ ಕೋಲು ಇರಬೇಕಾದಲ್ಲಿ ಒಂದು ದುಂಡನೆಯ ಗುಂಡಿ. ತಿರುವಿದರೆ ಮುಂದಕ್ಕೆ, ಹಿಂದಕ್ಕೆ, ನಡುವೆ ನ್ಯೂಟ್ರಲ್. ಎಡಗಾಲಿಗೆ ಕೆಲಸವೇ ಇಲ್ಲ. ಹಬ್ಬದ ಮನೆಗೆ ಬಂದ ಅಳಿಯನಂತೆ ಅದು ಸುಮ್ಮನೆ ಒಂದು ಕಡೆ ಕೂತಿತು.

“ಚಾಲೂ ಆಗ್ಯಾದ ಏನಪಾ ಇದು?”

“ಆಗ್ಯಾದ್ರಿ ಕಾಕಾ. ಬಲಗಾಲು ಮೆಲ್ಲಕ ಇಡ್ರಿ.”

ಕ್ರೂಸರಿಗೆ ಎಷ್ಟು ಒತ್ತು ಬೇಕೋ ಅಷ್ಟನ್ನೇ ಮೆಲ್ಲಗೆ ಎಂದು ತಿಳಿದವನು ಅವನು. ಒತ್ತಿದ. ಕಾರು ಬಿಟ್ಟ ಬಾಣವಾಯಿತು. ಡಾಕ್ಟರ್ ಬಾಯಿಯ ತೊಡೆಯ ಮೇಲಿನ ಫೈಲು ಹಾರಿ ಹಿಂದಿನ ಗಾಜಿಗೆ ಬಡಿಯಿತು, “ಯಾ ಅಲ್ಲಾ!” ಎಂದರು. ಮಾಣಿಕ ಎರಡೂ ಕೈಯಿಂದ ಬಾಗಿಲು ಹಿಡಿದ. ಹಾವಗೆಪ್ಪನಿಗೆ ನಾಗರ ಪಂಚಮಿಗೆ ಬೇವಿನ ಕೊಂಬೆಗೆ ಕಟ್ಟಿದ ಜೋಕಾಲಿ ತುದಿಗೆ ಹೋಗಿ ಒಂದು ಗಳಿಗೆ ನಿಂತಾಗ ಆಗುತ್ತಿತ್ತಲ್ಲ, ಹಾಗೇ ಆಯಿತು. ಐವತ್ತು ದಾಟಿದ ಗಂಡಸು ಬಾಯಿ ತೆರೆದು ನಕ್ಕ.

“ನಗಬ್ಯಾಡ, ಮುಂದ ನೋಡು!” ಎಂದ ಡಾಕ್ಟರ್ ಬಾಯಿಯೇ ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದರು.

ಊರು ದಾಟಿತು. ಹೊಂಡ ಬಂದರೆ ಕಾರು ಬೆಣ್ಣೆಯಂತೆ ಇಳಿದು ಏರಿತು. ಹಳಬರ್ಗಾದಲ್ಲಿ ನೀರಿನ ಟ್ಯಾಂಕರಿಗೆ ಕಾಯುತ್ತ ಬಣ್ಣಬಣ್ಣದ ಕೊಡಗಳು ರಸ್ತೆ ಉದ್ದಕ್ಕೂ ಕೂತಿದ್ದವು. ಅವುಗಳ ಹಿಂದಿನ ಹೆಂಗಸರಿಗೆ ಕಾರು ಬಂದದ್ದೇ ಕೇಳಿಸಲಿಲ್ಲ. ಪಕ್ಕದಲ್ಲಿ ನಿಂತ ಮೇಲೆ ಒಬ್ಬಾಕೆ ಬೆಚ್ಚಿ, “ಬೆಕ್ಕಿನಂಗ ಬಂದ್ಯಲ್ಲೋ ಮೂಳಾ!” ಎಂದು ಬೈದಳು. ಆ ಬೈಗಳೂ ಅವನಿಗೆ ಸಿಹಿಯಾಗಿ ಕೇಳಿತು. ದೇವರು ನಡೆಸುವುದೆಲ್ಲ ಹೀಗೆಯೇ ಸದ್ದಿಲ್ಲದೆ ನಡೆಯುತ್ತದಲ್ಲವೇ, ಚಂದ್ರ ಏರುವುದು, ಬೀಜ ಒಡೆಯುವುದು. ಸದ್ದು ಮಾಡುವುದು ನಾವು ಮಾತ್ರ ಎಂದುಕೊಂಡ.

ಭಾಲ್ಕಿಯಲ್ಲಿ ಡಾಕ್ಟರ್ ಬಾಯಿ ಒಂದು ತಾಸು ರೋಗಿಗಳನ್ನು ನೋಡಿದರು. ಹೊರಟು ಊರ ಹೊರಗಿನ ಬೇವಿನ ಮರದ ಹತ್ತಿರ ಬರುವಾಗ ಕೇಶರಬಾಯಿ ಎಂಬ ಮುದುಕಿ ಕೈ ಎತ್ತಿದಳು.

ಅವನ ಕಾಲು ಬ್ರೇಕಿಗೆ ಹೋಯಿತು. ಕೈ ಗಾಜು ಇಳಿಸಿತು. ಬಾಯಿ ಕೂಗಿತು: “ಔರಾದ! ಠಾಣಾ ಕುಶನೂರ, ಔರಾದ, ಬೀದರ! ಬರ್ರಿ ಬರ್ರಿ ಬರ್ರಿ!”

ಕೂಗಿದ ಮೇಲೆ ಕೇಳಿಸಿತು ತನ್ನ ದನಿ. ಅಷ್ಟರಲ್ಲಿ ಕೇಶರಬಾಯಿ ಹಿಂದಿನ ಬಾಗಿಲು ತೆಗೆದು, ಗಂಟು ಒಳಗೆ ಒಗೆದು, ಡಾಕ್ಟರ್ ಬಾಯಿಯನ್ನು ಮೊಣಕೈಯಿಂದ ಸರಿಸಿ, “ಜರಾ ಸರಿ ಯವ್ವಾ, ಇನ್ನೂ ಮೂರು ಮಂದಿ ಹಿಡಸ್ತಾರ,” ಎಂದು ಕೂತುಬಿಟ್ಟಿದ್ದಳು.

“ಹಾವಗೆಪ್ಪಾ!” ಎಂದರು ಡಾಕ್ಟರ್ ಬಾಯಿ. “ಇದು ಕ್ರೂಸರ್ ಅಲ್ಲೋ!”

“ತಪ್ಪಾತ್ರಿ ಬಾಯಿ. ಕಾಲು ನನ್ನ ಮಾತು ಕೇಳಲಿಲ್ರಿ.”

ಮಾಣಿಕ ತಲೆಯ ಮೇಲೆ ಕೈ ಹೊತ್ತ. ಡಾಕ್ಟರ್ ಬಾಯಿ ಮಾತ್ರ ಕೇಶರಬಾಯಿಯ ಮುಖವನ್ನೇ ನೋಡಿದರು, ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. “ಎರಡೂ ಕಣ್ಣಾಗ ಪೊರಿ ಬಂದಾದಲ್ಲ ಆಯಿ! ಎಲ್ಲಿಗೆ ಹೊಂಟೀದಿ?”

“ಕಣ್ಣಿನ ದವಾಖಾನಿಗೇ ಹೊಂಟೀನಿ. ಬೀದರದಾಗ ಯಾರೋ ಸಾಬರ ಡಾಕ್ಟರ್ ಬಾಯಿ ಅದಾಳಂತ. ಭಾಳ ಸಿಟ್ಟಿನಾಕಿ ಅಂತಾರ, ಹೌದೇನ?”

ಕಾರು ಅಲುಗಿತು, ನಗೆಯಿಂದ. ಡಾಕ್ಟರ್ ಬಾಯಿ ಕಣ್ಣೊರೆಸಿಕೊಂಡು, “ನೀ ಮಾಡಿದ್ದು ಬರೊಬ್ಬರಿ ಆತು ಹಾವಗೆಪ್ಪಾ,” ಎಂದರು. “ವಾಪಸ್ ಬರುವಾಗ ನನ್ನ ಗಾಡಿ ಹಮೇಶಾ ತುಂಬಿ ಬರ್ತದ. ಖಾಲಿ ಗಾಡಿ ಓಡಿಸಿ ನೋಡಿದ್ರ ಏನು ಉಪಯೋಗ? ತುಂಬು.”

ಠಾಣಾ ಕುಶನೂರಿನಲ್ಲಿ ಕಾಶೀರಾಮ ಮತ್ತು ಸುಭದ್ರಾಬಾಯಿ ಎಂಬ ಮುದಿ ದಂಪತಿ ಹತ್ತಿದರು. ಪೊರೆ ಗಂಡನಿಗೆ. ಹೆಂಡತಿಯದು ಹೋದ ವರ್ಷವೇ ಆಪರೇಶನ್ ಆಗಿತ್ತು, ಈಗ ಅವಳ ಕಣ್ಣು ಹದ್ದಿನ ಕಣ್ಣು. ಡಾಕ್ಟರ್ ಬಾಯಿಯನ್ನು ಕಂಡು ಕಾಲಿಗೆ ಬೀಳಹೋದಳು, ಜಾಗವಿಲ್ಲದೆ ಮಾಣಿಕನ ಮೇಲೆ ಬಿದ್ದಳು. ಕೊನೆಗೆ ಮಾಣಿಕ ಹಿಂದೆ ಹೋಗಿ ಕಾಶೀರಾಮನಿಗೂ ಬಾಗಿಲಿಗೂ ನಡುವೆ ಅರ್ಧ ಕೂತ. ಸುಭದ್ರಾಬಾಯಿ ಮುಂದೆ ಬಂದಳು.

ಔರಾದ ಮುಟ್ಟುವಾಗ ಮಾಣಿಕ ಕುತ್ತಿಗೆ ಚಾಚಿ ಮುಂದಿನ ಪರದೆ ನೋಡಿ ಬೆವತ. “ನೂರಕ್ಕ ಇಪ್ಪತ್ಮೂರು! ಇನ್ನೂ ನಲವತ್ತೈದು ಕಿಲೋಮೀಟರ್ ಅದ. ಕಡೀಕ ಬೀದರ ಏರು ಬೇರೆ. ಇಷ್ಟು ಯಾಕ ಇಳೀತು? ನನ್ನ ಲೆಕ್ಕಕ್ಕ ಮೂವತ್ತರ ಮ್ಯಾಲೆ ಇರಬೇಕಿತ್ತು.”

ಅವನಿಗೆ ಗೊತ್ತಿದ್ದ ಮಟ್ಟಿಗೆ ಔರಾದದಲ್ಲಿ ಚಾರ್ಜ್ ಮಾಡುವ ಜಾಗ ಇರಲಿಲ್ಲ. ಏಸಿ ಆರಿಸಿದರು. ಗಾಜು ಇಳಿಸಿದರು. ಬಿಸಿಗಾಳಿಯೂ ಕೆಂಪು ಧೂಳೂ ಒಳಗೆ ನುಗ್ಗಿದವು.

“ನಾವು ಇಳಿತೇವಪಾ,” ಎಂದ ಕಾಶೀರಾಮ.

“ಕುಂದ್ರು,” ಎಂದರು ಡಾಕ್ಟರ್ ಬಾಯಿ. ನಗು ನಿಂತಿತ್ತು. “ಇಳಿಸಿದ್ರ ನೋಡಿದ್ದು ಸುಳ್ಳಾಗ್ತದ. ಈ ಗಾಡಿಗೆ ನನ್ನ ಸುತ್ತು ಹೆಚ್ಚಾತು ಅಂತ ಕಾಣ್ತದ.”

ಹಾವಗೆಪ್ಪ ಹೊರಟ. ಸಂತಪುರ ದಾಟಿತು. ಹದಿನೆಂಟು. ದಾರಿ ಮಾಂಜ್ರಾ ಹೊಳೆಯ ಕಡೆ ಇಳಿಯತೊಡಗಿತು. ಅವನ ಕೈ ತಾನಾಗಿ ಗುಂಡಿಗೆ ಹೋಗಿ ನ್ಯೂಟ್ರಲ್‌ಗೆ ತಿರುವಿತು. ಕಾರು ಹಗುರಾಗಿ ಜಾರಿತು.

“ಯಾಕ ಅದನ್ನ ತಿರವತೀದಿ ತಮ್ಮಾ?” ಎಂದಳು ಸುಭದ್ರಾಬಾಯಿ.

“ಇಳಿಜಾರಿನಾಗ ತೈಲ ಉಳೀತದ ಆಯಿ. ಇಪ್ಪತ್ತೆರಡು ವರ್ಷ ಹಿಂಗ ಉಳಿಸೀನಿ.”

“ಅಲ್ಲ, ನೀ ತಿರುವಿದಾಗೆಲ್ಲ ಈ ಪರದ್ಯಾಗಿನ ಹಸರ ಗೆರಿ ಹೋಗ್ತದ. ಬರೂ ಮುಂದ ಒಂದು ದಿನ್ನಿ ಇಳಿದಿವಲ್ಲ, ಎಮ್ಮಿ ಅಡ್ಡ ಬಂತಂತ ನೀ ತಿರುವಲಿಲ್ಲ. ಆವಾಗ ಹಸರ ಗೆರಿ ಉದ್ದ ಬಂದಿತ್ತು. ಕುಶನೂರದಿಂದ ಅದನ್ನ ನೋಡ್ಕೋತ ಕುಂತೀನಿ, ಭಾಳ ಚಂದ ಅದ.”

ಹಿಂದಿನಿಂದ ಮಾಣಿಕ ಕಿರುಚಿದ. “ಕಾಕಾ! ನ್ಯೂಟ್ರಲ್ ಹಾಕೀರೇನ್ರಿ? ಎಲ್ಲಾ ಇಳಿಜಾರಿಗೂ? ಯಪ್ಪಾ! ಇದು ಇಳಿಯೂ ಮುಂದ ಗಾಲಿ ತಿರುಗಿ ಕರೆಂಟ್ ತಾನ ಹುಟ್ಟಸ್ತದ್ರಿ. ನ್ಯೂಟ್ರಲ್ ಹಾಕಿದ್ರ ಅದೆಲ್ಲಾ ಗಾಳಿಗೆ ಹೋತು!”

ಹಾವಗೆಪ್ಪ ಕಾರನ್ನು ಬದಿಗೆ ನಿಲ್ಲಿಸಿದ.

ಅವನಿಗೆ ಎಲ್ಲವೂ ಹಗಲಿನಷ್ಟು ಸ್ಪಷ್ಟವಾಗಿ ಕಂಡಿತು. ಡಾಕ್ಟರ್ ಬಾಯಿ ಕಣ್ಣಿನ ಡಾಕ್ಟರು, ಗಾಡಿಯ ಮಾತು ಅವರಿಗೆ ಅರ್ಧವೂ ತಿಳಿದಿರಲಿಕ್ಕಿಲ್ಲ. ತಾನು ಏನೂ ಹೇಳದೆ ಇದ್ದು ಕಾರು ನಿಂತರೆ ಅದು ಕಾರಿನ ತಪ್ಪು ಎನಿಸುತ್ತದೆ, ಪುಣೆ ಅವನ ಪಾಲು. ತಪ್ಪು ತನ್ನದೆಂದರೆ ಕಾರು ಉಳಿಯಿತು, ಆದರೆ ಇಂಥ ಡ್ರೈವರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಎರಡು ದಾರಿಯೂ ಪುಣೆಗೇ. ಎರಡೂ ಒಂದೇ ಊರಿಗೆ ಹೋಗುವುದಾದರೆ ನೆಟ್ಟಗಿನ ದಾರಿಯಲ್ಲೇ ಹೋಗೋಣ ಎಂದು ಅವನು ಹಿಂದಕ್ಕೆ ತಿರುಗಿ ಕೈ ಮುಗಿದ.

“ಬಾಯಿ, ಗಾಡಿದೇನೂ ತಪ್ಪಿಲ್ರಿ. ಅದು ದುಡಿದು ತಂದದ್ದನ್ನ ನಾ ದಾರಿಗುಂಟ ಚೆಲ್ಲಿ ಬಂದೀನಿ. ಗಾಡಿ ತಗೋರಿ. ಡ್ರೈವರನ ಬ್ಯಾರೆ ನೋಡ್ಕೋರಿ.”

ಡಾಕ್ಟರ್ ಬಾಯಿ ಅವನನ್ನೇ ನೋಡಿದರು. “ಬಾಗಲ ತನಕ ಬರ್ಲಿ ಅಂದೀನಿ. ಬಾಗಲ ಇನ್ನೂ ದೂರ ಅದ. ನಡಿ.”

ನಡೆದ. ಈ ಸಲ ಗುಂಡಿ ಮುಟ್ಟಲಿಲ್ಲ. ಮುಟ್ಟಬಾರದೆಂದು ಎಡಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡ, “ಎರಡೂ ಕೈಲೆ ಹಿಡೀರಿ ಕಾಕಾ!” ಎಂದು ಮಾಣಿಕ ಬೈದ. ಇಳಿಜಾರು ಬಂತು. ಕಾರು ಯಾರೋ ಹಿಂದಿನಿಂದ ಸೊಂಟ ಹಿಡಿದಂತೆ ಮೆಲ್ಲಗೆ ಇಳಿಯಿತು, ಹಸಿರು ಗೆರೆ ಉದ್ದವಾಯಿತು.

“ಬಂತು, ಬಂತು!” ಎಂದಳು ಸುಭದ್ರಾಬಾಯಿ. “ಹದಿನೇಳಿತ್ತು, ಹದಿನೆಂಟಾತು!”

“ಕಮ್ಮಿ ಆಗೂದು ಬಿಟ್ಟು ಹೆಚ್ಚಾತಾ?” ಕಾಶೀರಾಮ ಕೇಳಿದ. “ಖರೇನ?”

“ಖರೇನ! ನನ್ನ ಕಣ್ಣ ನೋಡಾಕತ್ತಾವ!”

ಕೌಠಾ ಸೇತುವೆಯ ಕೆಳಗೆ ಮಾಂಜ್ರಾದಲ್ಲಿ ನೀರಿರಲಿಲ್ಲ, ಬರೀ ಮರಳು, ಮೇಯುವ ಆಡು. ಆ ಒಣ ಹೊಳೆಯ ಮೇಲೆ ಆರು ಜನ ಒಂದು ಅಂಕಿಗಾಗಿ ಕೂಗಾಡುತ್ತ ದಾಟಿದರು. ಜನವಾಡದಲ್ಲಿ ಒಂಬತ್ತು. ಏರು ಶುರುವಾಯಿತು. ಎಂಟು. ಏಳು. ಸುಭದ್ರಾಬಾಯಿ ಹೇಳುತ್ತಿದ್ದಳು, ಕಾಶೀರಾಮ ಮತ್ತೊಮ್ಮೆ ಹೇಳುತ್ತಿದ್ದ. ಕೇಶರಬಾಯಿ, ತಾನು ಕೂತಲ್ಲೇ ಮೇಲೆದ್ದರೆ ಭಾರ ಕಮ್ಮಿಯಾಗುವುದೆಂದು, ಮುಂದಿನ ಸೀಟು ಹಿಡಿದು ಅರ್ಧ ಎದ್ದು ನಿಂತಳು. ಡಾಕ್ಟರ್ ಬಾಯಿ ಅವಳಿಗೆ ತಿಳಿಹೇಳಹೋಗಿ, ನಗು ತಡೆಯಲಾರದೆ, ತಾವೂ ಅರ್ಧ ಎದ್ದರು. ಚಾರ್ಜ್ ತೀರುತ್ತ ಬಂತೆಂದು ಪರದೆಯ ಮೇಲೆ ಕೆಂಪು ಆಮೆಯ ಚಿತ್ರ ಮೂಡಿತು. “ಆಮಿ ಬಂತು!” ಎಂದು ಸುಭದ್ರಾಬಾಯಿ ಕೈ ಮುಗಿದಳು. ಹಾವಗೆಪ್ಪ ತನ್ನ ಶಿವನನ್ನು ನೆನೆದ, ಹಿಂದಿನಿಂದ ಬಿಸ್ಮಿಲ್ಲಾ ಕೇಳಿತು, ಮಾಣಿಕ ಯಾರನ್ನು ಕರೆದನೋ, ತುಟಿ ಮಾತ್ರ ಅಲುಗುತ್ತಿತ್ತು. ಕಾರು ಮುದುಕನಂತೆ ಮೆಲ್ಲಗೆ, ಆದರೆ ನಿಲ್ಲದೆ, ಏರು ಹತ್ತಿತು.

ಚಿದ್ರಿಯ ದವಾಖಾನೆಯ ಬಾಗಿಲಲ್ಲಿ ಎರಡು ಉಳಿದಿತ್ತು.

ಎಲ್ಲರೂ ಒಂದೇ ಬಾಗಿಲಿನಿಂದ ಇಳಿಯಹೋಗಿ ಸಿಕ್ಕಿಕೊಂಡರು. ಮಾಣಿಕ ಕಾರಿಗೆ ಒರಗಿ ಅಳುತ್ತಿದ್ದನೋ ನಗುತ್ತಿದ್ದನೋ ಹೇಳಲಾಗದು. ಹಾವಗೆಪ್ಪ ಕೀಲಿ ಡಾಕ್ಟರ್ ಬಾಯಿಯ ಕೈಗೆ ಕೊಟ್ಟು ಚಪ್ಪಲಿ ಮೆಟ್ಟಿದ.

“ಎಲ್ಲಿಗೆ?”

“ಮನಿಗೆ ಬಾಯಿ. ಸೋಮವಾರ ಪುಣೆ ಬಸ್ಸು ಅದಲ್ರಿ.”

“ಸೋಮವಾರ ಮುಂಜಾನಿ ಎಂಟಕ್ಕ ನನ್ನ ಕ್ಯಾಂಪ್ ಅದ. ಈ ತಪ್ಪು ಮಾಡಿ ಕಲಿತ ಡ್ರೈವರ್ ನೀನೊಬ್ಬನ ಇದ್ದೀದಿ, ಹೊಸಬ ಬಂದ್ರ ಮತ್ತ ಮೊದಲಿಂದ ಮಾಡ್ತಾನ. ಅವಗ ಯಾರು ಕಲಸಬೇಕು, ನಾನಾ?” ಅವರು ಕೀಲಿಯನ್ನು ಅವನ ಅಂಗಿಯ ಜೇಬಿಗೆ ಹಾಕಿದರು. “ಹೋಗು, ಗುರಮ್ಮಗ ಹೇಳು.”

ಅವನು ಬೇವಿನ ನೆರಳಿಗೆ ಓಡಿ ಫೋನು ಹಚ್ಚಿದ. ಹೇಳಿದ್ದನ್ನೇ ಮೂರು ಸಲ ಹೇಳಿದ: ಸುತ್ತು, ಹಸಿರು ಗೆರೆ, ಆಮೆ, ಸೋಮವಾರ ಎಂಟು. ಗುರಮ್ಮ ಅಷ್ಟೂ ಕೇಳಿ, ಅಳುತ್ತಿದ್ದ ಮೂಗು ಏರಿಸಿಕೊಂಡು, “ಗಾಡಿ ಯಾ ಬಣ್ಣ ಅದರಿ?” ಎಂದಳು.

ಹಾವಗೆಪ್ಪ ಮುಂಜಾನೆಯಿಂದ ಅದನ್ನು ನೋಡಿಯೇ ಇರಲಿಲ್ಲ. ತಿರುಗಿ ನೋಡಿದರೆ ಮೂರು ತಾಲೂಕಿನ ಧೂಳು ಹೊತ್ತು ಅದು ನೆಲದ ಬಣ್ಣಕ್ಕೇ ತಿರುಗಿತ್ತು.

“ತಡಿ, ನೋಡಿ ಹೇಳ್ತೇನಿ,” ಎಂದು ಅವನು ಹೆಗಲ ಟವೆಲು ತೆಗೆದು ಓಡಿದ.